ತಿನ್ನುವ ರೊಟ್ಟಿ ಎಣಿಸಬಾರದಂತೆ!

ಉಣ್ಣುವವರ ಗಂಗಾಳದಲ್ಲಿನ ರೊಟ್ಟಿ ಎಣಿಸಬಾರದು ಎಂದು ನಮ್ಮ ಕಡೆ ಹಿರಿಯರು ಹೇಳುತ್ತಾರೆ. ಎಣಿಸಿದರೆ ಉಂಡದ್ದು ಮೈಗೆ ಹತ್ತುವುದಿಲ್ಲವಂತೆ. ಮಾತೇನೋ ಒಳ್ಳೆಯದೇ. ಹೊಲದಿಂದ ಹಸಿದು ಬಂದವರ ಮುಂದೆ ಲೆಕ್ಕ ಹಿಡಿದು ಕೂಡುವುದು ಸಣ್ಣತನ. ಆದರೆ ಈ ಮಾತು ಹೇಳುವ ಮನೆಗಳಲ್ಲಿ ಉಳಿದ ಯಾವುದಕ್ಕೆ ಲೆಕ್ಕವಿಲ್ಲ, ಹೇಳಿ? ಹಾಲಿನ ಲೆಕ್ಕ ಕ್ಯಾಲೆಂಡರಿನ ಮೇಲಿದೆ. ಜೋಳದ ಚೀಲ ಇನ್ನೆಷ್ಟು ದಿನ ಬಂದೀತೆಂಬ ಲೆಕ್ಕ ಅತ್ತೆಯ ತಲೆಯಲ್ಲಿದೆ. ಯಾರ ಮದುವೆಗೆ ಎಷ್ಟು ಆಯೇರಿ ಮಾಡಿದೆವೆಂಬ ಲೆಕ್ಕ ಇಪ್ಪತ್ತು ವರ್ಷದ ಹಳೆಯ ನೋಟುಬುಕ್ಕಿನಲ್ಲಿ ಭದ್ರವಾಗಿದೆ. ಸಕ್ಕರೆ ಕಾಯಿಲೆ ಬಂದ ಹೆಂಗಸೊಬ್ಬಳು ತನ್ನ ಸ್ವಂತ ಗಂಗಾಳದ ಲೆಕ್ಕ ಬರೆದಿಡಲು ಹೊರಟಾಗ ಮಾತ್ರ ಮನೆಗೆ ಮನೆಯೇ ನಗುತ್ತದೆ.

ಮಲ್ಲಟದಲ್ಲಿ ನಾನು ಮಕ್ಕಳಿಗೆ ಪಾಠ ಹೇಳುತ್ತ ವರ್ಷಗಳೇ ಕಳೆದಿವೆ. ಆರು ವರ್ಷದಿಂದ ನನಗೂ ಸಕ್ಕರೆ ಕಾಯಿಲೆ ಇದೆ. ಅಡಿಗೆಮನೆಯಲ್ಲಿ ಒಂದು ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ ಇಟ್ಟುಕೊಂಡಿದ್ದೇನೆ. ಅದರ ಮೇಲೆ ಹಿಟ್ಟು ತೂಗುವುದನ್ನು ನೋಡಿದ ಓಣಿಯ ಹೆಂಗಸರು, "ಟೀಚರ್ರೀ, ಬಂಗಾರ ತೂಗ್ಲಿಕ್ಕತ್ತೀರೇನು?" ಎಂದು ಕೇಳುತ್ತಾರೆ. ಕೇಳಲಿ. ನನ್ನ ಜಗಳ ಅವರೊಂದಿಗಲ್ಲ. ನನ್ನ ಜಗಳ "ಅದು ತಿನ್ನಬೇಡ, ಇದು ತಿನ್ನು" ಎಂಬ ಪಥ್ಯದೊಂದಿಗೆ. ಈ ಪಥ್ಯದಲ್ಲಿ ಯಾವುದು ಎಂಬುದಿದೆ, ಎಷ್ಟು ಎಂಬುದಿಲ್ಲ. ಅನ್ನ ಬಿಡು, ರೊಟ್ಟಿ ತಿನ್ನು. ಸಕ್ಕರೆ ಬಿಡು, ಬೆಲ್ಲ ಹಾಕಿಕೋ. ಬಸ್ಸಿನಲ್ಲಿ ಪಕ್ಕ ಕೂತವರಿಂದ ಹಿಡಿದು ಬೀಗರವರೆಗೆ ಎಲ್ಲರೂ ಇದನ್ನೇ ಹೇಳುತ್ತಾರೆ. ಈ ಎರಡು ಮಾತು ನಂಬಿದ ಒಬ್ಬ ಹೆಣ್ಣುಮಗಳ ಕಥೆ ಹೇಳುತ್ತೇನೆ.

ಆಕೆ ನಮ್ಮಕ್ಕ. ದೇವದುರ್ಗಕ್ಕೆ ಕೊಟ್ಟ ಮನೆ. 2009ರಲ್ಲಿ ಆಕೆಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ಅಂದಿನಿಂದ ಆಕೆ ಮಾಡಿದ ಪಥ್ಯವನ್ನು ಸನ್ಯಾಸಿಗಳೂ ಮಾಡಲಾರರು. ಅನ್ನ ಮುಟ್ಟಲಿಲ್ಲ. ಮಗಳ ಮದುವೆಯಲ್ಲಿ ಹೋಳಿಗೆ ಮುರಿದು ಬಾಯಿಗಿಡಲಿಲ್ಲ. ಮಾತ್ರೆ ತಪ್ಪಿಸಲಿಲ್ಲ. ಬೀಗರು ಬಿಜ್ಜರೆಲ್ಲ "ಪಥ್ಯ ಅಂದ್ರ ಅಕಿದು" ಎಂದು ಹೊಗಳಿದರು. ಆದರೂ ಪರೀಕ್ಷೆ ಮಾಡಿಸಿದಾಗಲೆಲ್ಲ ಸಕ್ಕರೆ ಏರಿಯೇ ಇರುತ್ತಿತ್ತು. ಆಗ ಹೊಗಳಿದ ಬಾಯಿಗಳೇ ತಿರುಗಿದವು. "ಕದ್ದು ತಿಂತಾಳ" ಎಂದರು. ಸೊಸೆ ಬೆಲ್ಲದ ಡಬ್ಬಿಯನ್ನು ಮೇಲಿನ ಗೂಡಿಗೆ ಎತ್ತಿಟ್ಟಳು. ಒಬ್ಬ ವೈದ್ಯರು ರಿಪೋರ್ಟು ನೋಡಿ ಮಕ್ಕಳ ಎದುರಿನಲ್ಲೇ, "ಅಮ್ಮಾ, ನಾಲಿಗೆ ಬಿಗಿಹಿಡಿಯದಿದ್ದರೆ ನಾನೇನು ಮಾಡಲಿ?" ಎಂದರು. ಐವತ್ತೈದು ದಾಟಿದ, ಮನೆಯ ಕೀಲಿಕೈ ಸೊಂಟದಲ್ಲಿದ್ದ ಹೆಂಗಸು ತನ್ನದೇ ಅಡಿಗೆಮನೆಯಲ್ಲಿ ಕಳ್ಳಿಯಾದಳು. 2018ರಲ್ಲಿ ಆಕೆಯ ಎಡಗಾಲಿನ ಗಾಯ ಮಾಯದೆ ಎರಡು ಬೆರಳು ತೆಗೆಸಬೇಕಾಯಿತು. ಅವತ್ತೂ ಆಕೆ ನನ್ನ ಕೈಹಿಡಿದು ಹೇಳಿದ್ದು ಒಂದೇ ಮಾತು: "ತಂಗೀ, ಆಣಿ ಮಾಡಿ ಹೇಳ್ತೀನಿ, ನಾ ಏನೂ ಕದ್ದು ತಿಂದಿಲ್ಲ."

ಬೆರಳು ಹೋದದ್ದಕ್ಕಿಂತ ಆ ಆಣೆ ನನ್ನನ್ನು ಹೆಚ್ಚು ಸುಟ್ಟಿತು. ಆಕೆಯ ಮನೆಯಲ್ಲಿ ಒಂದು ವಾರ ಇದ್ದು, ತಿನ್ನುವುದನ್ನೆಲ್ಲ ತೂಗಿ ಬರೆದೆ.

ಲೆಕ್ಕಕ್ಕೆ ಮೊದಲು ಒಂದು ಮಾತು. ನಾವು ತಿನ್ನುವುದರಲ್ಲಿ ರಕ್ತದ ಸಕ್ಕರೆಯನ್ನು ಮುಖ್ಯವಾಗಿ ಏರಿಸುವುದು ಶರ್ಕರಪಿಷ್ಟ. ಶಾಲೆಯ ವಿಜ್ಞಾನದ ಪುಸ್ತಕದಲ್ಲಿ ಎಲ್ಲರೂ ಓದಿದ್ದೇವೆ, ಪರೀಕ್ಷೆ ಬರೆದು ಮರೆತಿದ್ದೇವೆ. ಅನ್ನ, ರೊಟ್ಟಿ, ಚಪಾತಿ, ಮಂಡಾಳು, ಅವಲಕ್ಕಿ, ಆಲೂಗಡ್ಡೆ, ಬಾಳೆಹಣ್ಣು, ಬೆಲ್ಲ, ಸಕ್ಕರೆ ಇವೆಲ್ಲ ಹೊಟ್ಟೆಯಲ್ಲಿ ಕರಗಿ ಕೊನೆಗೆ ಬಹುಪಾಲು ಗ್ಲೂಕೋಸೇ ಆಗುತ್ತವೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ನಮ್ಮ ದೇಶದ ಆಹಾರಗಳ ಕೋಷ್ಟಕವನ್ನು ಹೊಸದಾಗಿ ಪ್ರಕಟಿಸಿತು. ಅದರ ಪ್ರಕಾರ 100 ಗ್ರಾಂ ಪಾಲಿಶ್ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಪಿಷ್ಟ. 100 ಗ್ರಾಂ ಜೋಳದಲ್ಲಿ ಸುಮಾರು 68 ಗ್ರಾಂ. ಗೋಧಿ ಹಿಟ್ಟಿನಲ್ಲಿ 64. ರಾಗಿಯಲ್ಲಿ 67. ನಾರಿನ ವಿಷಯದಲ್ಲಿ ಜೋಳ ದೊಡ್ಡದು: ಅಕ್ಕಿಯಲ್ಲಿ 3 ಗ್ರಾಂ ನಾರೂ ಇಲ್ಲ, ಜೋಳದಲ್ಲಿ 10 ಗ್ರಾಂ ಇದೆ. ಆ ನಾರು ಸಕ್ಕರೆ ಏರುವ ವೇಗವನ್ನು ತುಸು ತಗ್ಗಿಸುತ್ತದೆ. ಇಷ್ಟು ಮಾತ್ರಕ್ಕೆ ಜೋಳದ ರೊಟ್ಟಿ ಔಷಧಿಯಾಗುವುದಿಲ್ಲ.

ಈಗ ಅಕ್ಕನ ಗಂಗಾಳಕ್ಕೆ ಬರೋಣ. ಆಕೆಯ ಮನೆಯಲ್ಲಿ ಒಂದು ರೊಟ್ಟಿಗೆ 70 ಗ್ರಾಂ ಹಿಟ್ಟು ಹೋಗುತ್ತಿತ್ತು. ಅಂದರೆ ಒಂದು ರೊಟ್ಟಿಗೆ ಸುಮಾರು 48 ಗ್ರಾಂ ಪಿಷ್ಟ. ಬೆಂದ ಅನ್ನ 100 ಗ್ರಾಮಿಗೆ ಸುಮಾರು 28 ಗ್ರಾಂ. ಆಕೆ ಮೊದಲು ಉಣ್ಣುತ್ತಿದ್ದ ಸಣ್ಣ ಬಟ್ಟಲಿಗೆ 150 ಗ್ರಾಂ ಅನ್ನ ಹಿಡಿಯುತ್ತದೆ, ಅದರಲ್ಲಿ 42. ಕಾಯಿಲೆ ಬರುವ ಮುಂಚೆ ಮಧ್ಯಾಹ್ನ ಎರಡು ರೊಟ್ಟಿ ಒಂದು ಬಟ್ಟಲು ಅನ್ನ, ರಾತ್ರಿ ಒಂದು ರೊಟ್ಟಿ ಒಂದು ಬಟ್ಟಲು ಅನ್ನ ಉಣ್ಣುತ್ತಿದ್ದಳು. ಪಥ್ಯ ಹಿಡಿದ ಮೇಲೆ ಅನ್ನದ ಜಾಗಕ್ಕೆ ಎರಡು ಹೊತ್ತೂ ಒಂದೊಂದು ರೊಟ್ಟಿ ಹೆಚ್ಚಾಯಿತು. ಬಿಟ್ಟದ್ದು 84 ಗ್ರಾಂ, ಬಂದದ್ದು 96 ಗ್ರಾಂ! ಚಹಾಕ್ಕೆ ಎರಡು ಚಮಚ ಸಕ್ಕರೆ ಅಂದರೆ 10 ಗ್ರಾಂ ಇತ್ತು. ಅದನ್ನು ಬಿಟ್ಟು ಹಾಕಿಕೊಂಡ ಬೆಲ್ಲದ ತುಂಡು ತೂಗಿದರೆ 12 ಗ್ರಾಂ. ಬೆಲ್ಲದಲ್ಲಿ ನೂರಕ್ಕೆ 85ರಷ್ಟು ಪಿಷ್ಟವಿರುವುದರಿಂದ ಲೆಕ್ಕ ಮತ್ತೆ ಹತ್ತಕ್ಕೇ ಬಂತು. ದಿನಕ್ಕೆ ನಾಲ್ಕು ಚಹಾ. ಬೆಳಿಗ್ಗೆ ಎರಡು ರೊಟ್ಟಿ. ಸಂಜೆ, "ಹಗುರು ಇರ್ತಾವ" ಎಂದು ಒಂದು ತಟ್ಟೆ ಮಂಡಾಳು ಒಗ್ಗರಣೆ. ಮಂಡಾಳು ಹಗುರವೇ, ಗಾಳಿ ತುಂಬಿದ್ದಲ್ಲವೇ! ಆದರೆ 50 ಗ್ರಾಂ ಮಂಡಾಳಿನಲ್ಲಿ 38 ಗ್ರಾಂ ಪಿಷ್ಟವಿದೆ, ಅದೂ ಬಾಯಿಗಿಟ್ಟ ಕೂಡಲೇ ಕರಗುವಂಥದ್ದು. ಎಲ್ಲ ಕೂಡಿಸಿದರೆ, ಬೇಳೆ ಪಲ್ಲೆ ಬಿಟ್ಟೇ, ದಿನಕ್ಕೆ 400 ಗ್ರಾಂ ದಾಟಿತು. ಆಕೆ ಕೂತು ಮಾಡುವ ಕೆಲಸದ ಹೆಂಗಸು, ತೂಕ 58 ಕಿಲೋ.

ಆಕೆ ಕದ್ದಿರಲಿಲ್ಲ. ಎಲ್ಲರ ಕಣ್ಣೆದುರಿಗೆ, ಎಲ್ಲರ ಮೆಚ್ಚುಗೆ ಪಡೆಯುತ್ತ, ಪಥ್ಯವೆಂದು ಬಡಿಸಿದ್ದನ್ನೇ ತಿಂದಿದ್ದಳು. ಲೆಕ್ಕವಿಲ್ಲದ ಮನೆಯಲ್ಲಿ ಕಾಯಿಲೆ ಏರಿದರೆ ಗುಮಾನಿ ಬೀಳುವುದು ರೋಗಿಯ ನಡತೆಯ ಮೇಲೆ. ರೋಗಿ ಹೆಂಗಸಾದರಂತೂ ಕೇಳುವುದೇ ಬೇಡ, ಹೆಂಗಸರ ನಾಲಿಗೆಯ ಮೇಲೆ ನಮ್ಮ ಸಮಾಜಕ್ಕೆ ಮೊದಲಿನಿಂದಲೂ ಸಂಶಯ. ಆ ಕಾಗದವನ್ನು ನಾನು ಭಾವನವರ ಮುಂದಿಟ್ಟೆ. ಅವರು ರೈತರು, ಲೆಕ್ಕದಲ್ಲಿ ಪಕ್ಕಾ ಮನುಷ್ಯರು. ಎರಡು ಸಲ ಕೂಡಿಸಿ ನೋಡಿದರು. ಏನೂ ಮಾತಾಡದೆ ಎದ್ದು ಹೋಗಿ ಬೆಲ್ಲದ ಡಬ್ಬಿಯನ್ನು ಗೂಡಿನಿಂದ ಇಳಿಸಿ ಮತ್ತೆ ಕಟ್ಟೆಯ ಮೇಲಿಟ್ಟರು. ಈಗ ಆಕೆ ಅದನ್ನು ಮುಟ್ಟುವುದಿಲ್ಲ. ಆದರೆ ಡಬ್ಬಿ ಇರಬೇಕಾದ ಜಾಗದಲ್ಲಿದೆ.

ಜೋಳದ ರೊಟ್ಟಿಯ ಮೇಲೆ ನನಗೇನು ಸಿಟ್ಟು? ಅದನ್ನು ತಿಂದೇ ಬೆಳೆದವಳು ನಾನು. 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದಾಗ ನಮ್ಮ ಬಿಳಿಜೋಳಕ್ಕೆ ಬಂದ ಮರ್ಯಾದೆ ಕಂಡು ಹಿಗ್ಗಿದವಳು. ಆದರೆ ಅದೇ ಹೊತ್ತಿಗೆ "ಮಧುಮೇಹಿಗಳಿಗೆ ಅಮೃತ" ಎಂದು ಬರೆದ ಹಿಟ್ಟಿನ ಪೊಟ್ಟಣಗಳೂ ಬಂದವು. ಎಷ್ಟು ತಿಂದರೆ ಅಮೃತ ಎಂಬುದನ್ನು ಪೊಟ್ಟಣದವರು ಬರೆಯಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಅಧ್ಯಯನವೊಂದರ ಫಲಿತಾಂಶ 2025ರಲ್ಲಿ ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ ಬಂತು. ನಾವು ಭಾರತೀಯರು ದಿನಕ್ಕೆ ಪಡೆಯುವ ಶಕ್ತಿಯಲ್ಲಿ ನೂರಕ್ಕೆ 62ರಷ್ಟು ಪಿಷ್ಟದಿಂದಲೇ ಬರುತ್ತದೆ ಎಂದು ಅದು ಹೇಳಿತು. ಒಟ್ಟು ಪಿಷ್ಟ ಇಳಿಸದೆ ಬರಿಯ ಬಿಳಿ ಅಕ್ಕಿಯ ಬದಲು ಗೋಧಿ ಹಿಟ್ಟು, ಸಿರಿಧಾನ್ಯದ ಹಿಟ್ಟು ತಿಂದರೆ ಸಕ್ಕರೆ ಕಾಯಿಲೆಯ ಅಪಾಯ ಕಡಿಮೆಯಾಗುವುದು ಕಾಣಲಿಲ್ಲ ಎಂದೂ ಹೇಳಿತು. ಪಿಷ್ಟದ ಒಂದು ಪಾಲು ತೆಗೆದು ಆ ಜಾಗಕ್ಕೆ ಬೇಳೆಕಾಳು, ಹಾಲು ಮೊಸರಿನ ಪ್ರೋಟೀನು ಬಂದರೆ ಅಪಾಯ ತಗ್ಗಬಹುದಂತೆ. ಅಕ್ಕನ ಮನೆಯ ತಕ್ಕಡಿ ಹೇಳಿದ್ದು ಬೇರೇನು?

"ನಮ್ಮ ಹಿರೇರು ತೂಗಿ ತಿಂದಿದ್ರೇನು?" ಎಂಬ ಸವಾಲು ನನಗೆ ವಾರಕ್ಕೊಮ್ಮೆಯಾದರೂ ಬರುತ್ತದೆ. ತೂಗಿ ತಿನ್ನಲಿಲ್ಲ, ನಿಜ. ನಮ್ಮಜ್ಜಿ ನಸುಕಿನಲ್ಲಿ ಬೀಸುಕಲ್ಲಿಗೆ ಕೂತು ಹಿಟ್ಟು ಬೀಸಿ, ಬಾವಿಯಿಂದ ನೀರು ಹೊತ್ತು, ಮೂರು ಮೈಲಿ ನಡೆದು ಹೊಲದಲ್ಲಿ ಕಳೆ ತೆಗೆದು ಬಂದು ರೊಟ್ಟಿ ತಿನ್ನುತ್ತಿದ್ದಳು. ಅನ್ನವೆಂಬುದು ಆಕೆಗೆ ಹಬ್ಬದ ಊಟ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಮಾನ್ವಿ, ಸಿಂಧನೂರು ಸೀಮೆ ಭತ್ತದ ಸೀಮೆಯಾಯಿತು. ಸೋನಾ ಮಸೂರಿ ನಮ್ಮ ಗಂಗಾಳಕ್ಕೂ ಬಂತು. ರೊಟ್ಟಿ ಹೋಗಿ ಅನ್ನ ಬಂದಿದ್ದರೆ ಅದೊಂದು ಮಾತು. ರೊಟ್ಟಿಯೂ ಉಳಿಯಿತು, ಅನ್ನವೂ ಸೇರಿತು, ಬೀಸುಕಲ್ಲು ಹೋಯಿತು. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಜನರಿಗೆ ಈ ಕಾಯಿಲೆಯಿದೆ. ಇನ್ನೊಂದು ಮಾತೂ ಹೇಳಬೇಕು: ಹಿರಿಯರಿಗೆ ಏನೂ ಆಗಲಿಲ್ಲ ಎನ್ನುವವರು ಮನೆಯ ಹಳೆಯ ಸಾವುಗಳನ್ನು ಕೇಳಿ ನೋಡಲಿ. "ಕಾಲಾಗ ಹುಣ್ಣಾಗಿತ್ತು, ಮಾಯಲೇ ಇಲ್ಲ" ಎಂದು ಹೋದ ಒಬ್ಬರಾದರೂ ಸಿಗುತ್ತಾರೆ. ಅವರ ರಕ್ತವನ್ನು ಯಾರು ಪರೀಕ್ಷೆ ಮಾಡಿದ್ದರು?

ಇನ್ನು ಆಸ್ಪತ್ರೆಗಳಲ್ಲಿ ಕೊಡುವ ಆಹಾರದ ಚೀಟಿ. ನನಗೆ ಸಿಕ್ಕ ಒಂದು ಚೀಟಿಯಲ್ಲಿ ಓಟ್ಸ್ ಇತ್ತು, ಕಂದು ಬ್ರೆಡ್ ಇತ್ತು, ಬ್ರೋಕೊಲಿ ಇತ್ತು. ರೊಟ್ಟಿ ಇರಲಿಲ್ಲ, ಪುಂಡಿಪಲ್ಲೆ ಇರಲಿಲ್ಲ, ಝುಣಕ ಇರಲಿಲ್ಲ, ಶೇಂಗಾ ಹಿಂಡಿ ಇರಲಿಲ್ಲ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋದ ಹೆಂಗಸು ಬುತ್ತಿ ಬಿಚ್ಚಿ ಕಡುಬು ಎಷ್ಟು ತಿನ್ನಬೇಕೆಂದು ಯಾವ ಚೀಟಿಯಲ್ಲಿ ನೋಡಬೇಕು? ರಾಯಚೂರು ಜಿಲ್ಲೆಯ ಹೆಂಗಸಿಗೆ ಕೊಡುವ ಚೀಟಿ ರಾಯಚೂರಿನ ಅಡಿಗೆಮನೆಗೆ ಒಮ್ಮೆಯಾದರೂ ಬಂದು ಹೋಗಿರಬೇಕು. ತಜ್ಞರು 15 ಗ್ರಾಂ ಪಿಷ್ಟವನ್ನು ಒಂದು ಪಾಲು ಎಂದು ಎಣಿಸುತ್ತಾರೆ. ಆ ಲೆಕ್ಕದಲ್ಲಿ ನಮ್ಮ 70 ಗ್ರಾಂ ಹಿಟ್ಟಿನ ರೊಟ್ಟಿ ಮೂರು ಪಾಲು ದಾಟುತ್ತದೆ. 30 ಗ್ರಾಂ ಹಿಟ್ಟಿನ ತೆಳ್ಳನೆಯ ಖಡಕ್ ರೊಟ್ಟಿ ಒಂದೂಕಾಲು ಪಾಲು ಚಿಲ್ಲರೆ. ಖಡಕ್ ರೊಟ್ಟಿ ಒಣಗಿದಾಗ ನೀರು ಹೋಗುತ್ತದೆ, ಪಿಷ್ಟ ಹೋಗುವುದಿಲ್ಲ. "ಒಣಗಿದ್ದು ಏನ್ ಮಾಡ್ತೈತಿ" ಎಂದು ನಾಲ್ಕು ಮುರಿದುಕೊಂಡರೆ ಮಾಡುತ್ತದೆ. ಪುಂಡಿ, ಮೆಂತ್ಯ, ರಾಜಗಿರಿ ಸೊಪ್ಪಿನ ಪಲ್ಲೆಗೆ ಹೆದರಬೇಕಿಲ್ಲ, ತತ್ತಿಯಲ್ಲಿ ಪಿಷ್ಟವೇ ಇಲ್ಲವೆನ್ನಬಹುದು. ಎಷ್ಟು ಪಾಲು ಯಾರಿಗೆ ಎಂಬುದನ್ನು ವಯಸ್ಸು, ತೂಕ, ಕೆಲಸ, ಔಷಧಿ, ಮೂತ್ರಪಿಂಡದ ಸ್ಥಿತಿ ನೋಡಿ ವೈದ್ಯರೇ ಹೇಳಬೇಕು. ಅದನ್ನು ಅವರಿಂದ ಅಂಕಿಯಲ್ಲಿ ಕೇಳಿ ಪಡೆಯಿರಿ. "ಕಮ್ಮಿ ತಿನ್ರೀ" ಎಂದರೆ ಬಿಡಬೇಡಿ. ಕಮ್ಮಿ ಅಂದರೆ ಎಷ್ಟು?

ಲೆಕ್ಕವೆಂದರೆ ಕಡಿಮೆ ಮಾಡುವುದು ಮಾತ್ರವಲ್ಲ. ಇದು ಉಪವಾಸ ಮಾಡುವ ನಮ್ಮಂಥವರು ತಿಳಿಯಬೇಕಾದ ಮಾತು. ಇನ್ಸುಲಿನ್ ಮತ್ತು ಕೆಲವು ಬಗೆಯ ಮಾತ್ರೆಗಳು ನೀವು ಉಂಡರೂ ಉಣ್ಣದಿದ್ದರೂ ಸಕ್ಕರೆಯನ್ನು ಇಳಿಸುತ್ತಲೇ ಇರುತ್ತವೆ. ಮಾತ್ರೆ ನುಂಗಿ, ಶ್ರಾವಣ ಸೋಮವಾರದ ಉಪವಾಸ ಹಿಡಿದು ಗುಡಿಯ ಸಾಲಿನಲ್ಲಿ ಕುಸಿದವರನ್ನು ನೋಡಿದ್ದೇನೆ. ಸುತ್ತ ನಿಂತವರು "ಮೈಮೇಲೆ ದೇವರು ಬಂದಾನ" ಎನ್ನುತ್ತಿದ್ದರು. ಬಂದದ್ದು ದೇವರಲ್ಲ, ಸಕ್ಕರೆ 70ಕ್ಕಿಂತ ಕೆಳಗಿಳಿದಿತ್ತು. ಕೈ ನಡುಗಿ ಬೆವರು ಒಡೆದು ಕಣ್ಣು ಮಂಜಾದಾಗ, ಪ್ರಜ್ಞೆ ಇರುವಾಗಲೇ, ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಯಬೇಕು. ಅದೇ 15 ಗ್ರಾಂ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ದವಾಖಾನೆಗೆ ಒಯ್ಯಬೇಕು. ಉಪವಾಸದ ಸಂಜೆಗೆಂದು ಮಾಡುವ ಸಾಬೂದಾನಿಯೋ, ಅದು ಬಹುತೇಕ ಬರಿಯ ಪಿಷ್ಟ. ಹಗಲೆಲ್ಲ ಪಾತಾಳ, ಸಂಜೆಗೆ ಆಕಾಶ! ಮುಸ್ಲಿಂ ಗೆಳತಿಯರಿಗೂ ರಂಜಾನಿಗೆ ಮೊದಲೇ ವೈದ್ಯರನ್ನು ಕಂಡು ಔಷಧಿಯ ಹೊತ್ತು, ಪ್ರಮಾಣ ಕೇಳಿಕೊಳ್ಳಿ ಎನ್ನುತ್ತೇನೆ. ವ್ರತ ಬಿಡಿ ಎಂದು ಹೇಳಲು ನಾನು ಯಾರು? ಲೆಕ್ಕ ಬಿಡಬೇಡಿ ಎನ್ನುತ್ತೇನೆ.

"ಇದೆಲ್ಲ ಓದಿದವರ ಕೆಲಸ, ನಮಗೆಲ್ಲಿ ಆಗ್ತದ" ಎಂದು ಕೈಚೆಲ್ಲುವವರಿಗೆ ನಮ್ಮ ಶಾಲೆಯ ಒಬ್ಬ ಹುಡುಗನ ತಾಯಿಯನ್ನು ತೋರಿಸಬೇಕು. ಆ ಹುಡುಗನಿಗೆ ಎಂಟನೆಯ ವಯಸ್ಸಿನಲ್ಲೇ ಮೊದಲನೇ ಬಗೆಯ ಮಧುಮೇಹ ಬಂತು. ಮೈಯಲ್ಲಿ ಇನ್ಸುಲಿನ್ ಉತ್ಪತ್ತಿಯೇ ನಿಂತುಹೋಗುವ ಕಾಯಿಲೆ. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಕಂಡುಹಿಡಿಯುವ ಮುಂಚೆ ಇಂಥ ಮಕ್ಕಳು ಬದುಕುತ್ತಿರಲಿಲ್ಲ. ಈ ಮಕ್ಕಳ ವಿಷಯದಲ್ಲಿ ಪಿಷ್ಟದ ಎಣಿಕೆ ಚರ್ಚೆಯ ಮಾತಲ್ಲ. ಉಣ್ಣುವ ಪಿಷ್ಟಕ್ಕೆ ಸರಿಯಾಗಿ ಇನ್ಸುಲಿನ್ ಚುಚ್ಚಬೇಕು, ಹೆಚ್ಚು ಚುಚ್ಚಿದರೂ ಕಷ್ಟ, ಕಡಿಮೆಯಾದರೂ ಕಷ್ಟ. ಅಮೆರಿಕ, ಕೆನಡಾಗಳಲ್ಲಿ ನಡೆದು 1993ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವು, ಸಕ್ಕರೆಯನ್ನು ಹೀಗೆ ಬಿಗಿಯಾಗಿ ಹಿಡಿತದಲ್ಲಿಟ್ಟರೆ ಕಣ್ಣು, ಮೂತ್ರಪಿಂಡ, ನರಗಳು ಹಾಳಾಗುವುದು ಬಹಳ ಮಟ್ಟಿಗೆ ತಪ್ಪುತ್ತದೆಂದು ತೋರಿಸಿಕೊಟ್ಟಿತು. ಆ ತಾಯಿಗೆ ಅದೇನೂ ಗೊತ್ತಿಲ್ಲ. ಆಕೆ ಕಲಿತದ್ದು ನಾಲ್ಕನೆಯ ಇಯತ್ತೆ. ಒಂದು ಸ್ಟೀಲ್ ಬಟ್ಟಲಿಗೆ ಉಗುರುಬಣ್ಣದಿಂದ ಎರಡು ಗೆರೆ ಎಳೆದಿದ್ದಾಳೆ: ಕೆಳಗಿನ ಗೆರೆ ಎರಡು ಪಾಲು ಅನ್ನ, ಮೇಲಿನದು ಮೂರು. ಮಗನ ರೊಟ್ಟಿಯ ಹಿಟ್ಟಿಗೆ ಬೇರೆ ಒಂದು ವಾಟಿ ಇಟ್ಟಿದ್ದಾಳೆ. ಶಾಲೆಯ ಮಧ್ಯಾಹ್ನದ ಬಿಸಿಯೂಟಕ್ಕೂ ಅವನು ಆ ಬಟ್ಟಲನ್ನೇ ತರುತ್ತಾನೆ, ಅಡಿಗೆಯವರು ಗೆರೆ ನೋಡಿ ಬಡಿಸುತ್ತಾರೆ. ನಾನು ಆಕೆಯನ್ನು ಕೇಳಿದೆ, "ಎಂದಾದ್ರೂ ಲೆಕ್ಕ ತಪ್ಪಿದ್ದೈತೇನವಾ?" ಆಕೆ ಹೇಳಿದಳು, "ತಪ್ಪಿದ್ರ ಹುಡುಗ ಹೇಳ್ತಾನ್ರೀ, ಅವನ ಮಾರಿ ಹೇಳ್ತೈತಿ." ಪಾವು, ಚಟಾಕು, ಹಿಡಿ, ಚಿಟಿಕೆ ಎಂದು ಹುಟ್ಟಿದಾಗಿನಿಂದ ಅಳೆದೇ ಬದುಕಿದ ಹೆಂಗಸರಿಗೆ ಇನ್ನೊಂದು ಅಳತೆ ಕಲಿಯುವುದು ಭಾರವೇ?

ಭಾರ ಬೇರೆ ಕಡೆ ಇದೆ. ನಮ್ಮ ಮನೆಗಳಲ್ಲಿ ಹೆಂಗಸಿಗೆ ತನ್ನದೆಂಬ ಗಂಗಾಳವೇ ಇಲ್ಲ. ಎಲ್ಲರಿಗೂ ಬಡಿಸಿ, ಬುಟ್ಟಿಯಲ್ಲಿ ಉಳಿದ ರೊಟ್ಟಿ, ತಪ್ಪಲೆಯಲ್ಲಿ ಉಳಿದ ಅನ್ನ, ಮೊಮ್ಮಗ ಬಿಟ್ಟ ಅರ್ಧ ಬಾಳೆಹಣ್ಣು, "ಯಾಕ ಕೆಡಸಬೇಕು" ಎಂದು ಸಾರಿನ ತಳ, ಇದು ಆಕೆಯ ಊಟ. ಪಲ್ಲೆ ಅಷ್ಟರಲ್ಲಿ ಮುಗಿದಿರುತ್ತದೆ, ತತ್ತಿ ಗಂಡಸರ ಪಾಲಾಗಿರುತ್ತದೆ, ಉಳಿಯುವುದೇ ಪಿಷ್ಟ. ಇಂದು ಒಂದು ರೊಟ್ಟಿ ಉಳಿದರೆ ಒಂದು, ನಾಳೆ ನಾಲ್ಕು ಉಳಿದರೆ ನಾಲ್ಕು, ಊಟದ ಹೊತ್ತು ಒಮ್ಮೆ ಎರಡು ಗಂಟೆ, ಒಮ್ಮೆ ನಾಲ್ಕು. ಔಷಧಿಯ ಪ್ರಮಾಣ ಮಾತ್ರ ದಿನವೂ ಒಂದೇ. ಹೀಗೆ ಉಣ್ಣುವವಳ ಸಕ್ಕರೆ ಹಿಡಿತಕ್ಕೆ ಬರುವುದು ಹೇಗೆ? ಆದ್ದರಿಂದ ಪಿಷ್ಟ ಎಣಿಸಬೇಕು ಎಂದು ನಾನು ಹೇಳುವಾಗ, ಸಕ್ಕರೆ ಕಾಯಿಲೆಯ ಹೆಂಗಸು ತನ್ನ ಗಂಗಾಳವನ್ನು ಮೊದಲು ಬಡಿಸಿಕೊಂಡು ಪಕ್ಕಕ್ಕಿಡಬೇಕು, ಹೊತ್ತಿಗೆ ಸರಿಯಾಗಿ ಉಣ್ಣಬೇಕು ಎಂದೇ ಹೇಳುತ್ತಿದ್ದೇನೆ. ಇದು ಮನೆಯವರಿಗೆ ಸಹಿಸಲು ಕಷ್ಟವಾಗುವ ಮಾತು. ತಕ್ಕಡಿ ನೋಡಿ ನಕ್ಕವರು ಇದನ್ನು ಕೇಳಿ ನಗುವುದಿಲ್ಲ, ಮುಖ ಸಿಂಡರಿಸುತ್ತಾರೆ. ನಮ್ಮ ಮನೆಯಲ್ಲೂ ಸಿಂಡರಿಸಿದರು. "ಗಂಡ ಉಣ್ಣೂಕಿಂತ ಮೊದ್ಲು ಬಡಿಸ್ಕೊಂಡಾಳ" ಎಂದು ಅತ್ತೆ ಆರು ತಿಂಗಳು ಅಂದರು. ಏಳನೆಯ ತಿಂಗಳು ಅವರಿಗೇ ಸಕ್ಕರೆ ಇದೆಯೆಂದು ತಿಳಿಯಿತು. ಈಗ ಎರಡು ಗಂಗಾಳ ಮೊದಲು ಹೊರಡುತ್ತವೆ.

ನವೆಂಬರ್ 14 ನಮ್ಮ ಶಾಲೆಗಳಲ್ಲಿ ಮಕ್ಕಳ ದಿನಾಚರಣೆ. ಬ್ಯಾಂಟಿಂಗ್ ಹುಟ್ಟಿದ್ದೂ ಅದೇ ತಾರೀಖು, ಹಾಗಾಗಿ 1991ರಿಂದ ಅದು ವಿಶ್ವ ಮಧುಮೇಹ ದಿನವೂ ಹೌದು. ಅವತ್ತು ನಾವು ಮಕ್ಕಳಿಗೆ ಲಾಡು ಹಂಚುತ್ತೇವೆ. ಹಂಚಲಿ, ಬೇಡವೆನ್ನುವುದಿಲ್ಲ. ಆದರೆ ಕಳೆದೆರಡು ವರ್ಷಗಳಿಂದ ಆ ದಿನ ನಾನು ಏಳು ಮತ್ತು ಎಂಟನೆಯ ತರಗತಿಯ ಮಕ್ಕಳಿಗೆ ಒಂದು ಮನೆಗೆಲಸ ಕೊಡುತ್ತಿದ್ದೇನೆ: ಮನೆಯಲ್ಲಿ ಒಂದು ಕಿಲೋ ಹಿಟ್ಟಿಗೆ ಎಷ್ಟು ರೊಟ್ಟಿ ಆಗುತ್ತವೆ, ಅವ್ವ ಎಷ್ಟು ತಿಂದಳು, ಯಾವ ಹೊತ್ತಿಗೆ ತಿಂದಳು, ಬರೆದುಕೊಂಡು ಬನ್ನಿ. ಭಾಗಾಕಾರ, ಗುಣಾಕಾರ ಎರಡೂ ಆಗುತ್ತದೆ. ಮೊದಲ ವರ್ಷ ಮೂರನೆಯ ಸಾಲಿನಲ್ಲಿ ಕೂಡುವ ಹುಡುಗಿಯೊಬ್ಬಳು ಪಟ್ಟಿ ತಂದು ತೋರಿಸಿದಳು. ಅಪ್ಪ, ಅಜ್ಜ, ಅಣ್ಣ ಎಲ್ಲರ ಮುಂದೆ ಅಂಕಿ ಇತ್ತು. ಅವ್ವನ ಮುಂದೆ ಖಾಲಿ. "ಯಾಕವ್ವ?" ಎಂದೆ. "ಅಕಿ ಉಣ್ಣೂದು ನಾ ನೋಡೇ ಇಲ್ರೀ ಟೀಚರ್" ಎಂದಳು. ಇವತ್ತು ರಾತ್ರಿ ನೋಡಿ ಬರೆದುಕೊಂಡು ಬಾ ಎಂದು ಪಟ್ಟಿಯನ್ನು ಹಿಂದಕ್ಕೆ ಕೊಟ್ಟೆ.